ಕೋಲಾರದ ಕೆರೆ ತುಂಬಿತು, ಬಲೆಗೆ ಏನು ಬಿತ್ತು?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಇಲ್ಲಿ ಮೀನುಗಾರಿಕೆ ಅಂದರೆ ಕೆರೆ, ಅದೂ ಬತ್ತುವ ಕೆರೆ. ಮಳೆಗೆ ನೀರು ಬಂದಾಗ ಮರಿ ಬಿಡುವುದು, ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಬಲೆ ಎಳೆದು ಎಲ್ಲ ಬಾಚಿಕೊಳ್ಳುವುದು. ಹಾಗಾಗಿ ಇಲ್ಲಿನ ಮೀನುಗಾರರ ಈಗಿನ ತಾಪತ್ರಯದಲ್ಲಿ ಕೆರೆ ಬತ್ತದೆ ಇರುವುದರ ಪಾಲೂ ಇದೆ ಅಂದರೆ ನಂಬುವುದು ಕಷ್ಟ, ಅಲ್ವಾ?

ಕೆರೆಗೆ ಬಿಡುವ ಕಟ್ಲಾ, ರೋಹು ನದಿ ಮೀನುಗಳು. ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ, ಮೀನುಮರಿ ಸಾಕಣೆ ಕೇಂದ್ರದಿಂದ ಮರಿ ತಂದು ಕೆರೆಗೆ ಬಿಡುವುದು ಸುಲಭವಾಯಿತು. ಮರಿ ತಂದರೆ ಸಾಕು, ಕೆರೆ ತುಂಬಿದರೆ ಸಾಕು ಅನ್ನುವ ಲೆಕ್ಕ.

ಆದರೆ ತುಂಬುವುದೇ ನಿಂತುಹೋಯಿತು. ರಾಜಕಾಲುವೆ ಒತ್ತುವರಿ, ಹೂಳು, ಮರಳು ದಂಧೆ, ಊರೂರಿನ ನೀಲಗಿರಿ ತೋಪು, ಸಾವಿರ ಅಡಿ ದಾಟಿದ ಬೋರ್‌ವೆಲ್. ಕೆರೆಯಂಗಳದಲ್ಲಿ ಸೀಮೆಜಾಲಿ ಬೆಳೆಯಿತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಬಂತು. ಹೂಳು ತೆಗೆದರು, ಏರಿ ಸರಿ ಮಾಡಿದರು, ಕೆರೆ ಬಳಕೆದಾರರ ಸಂಘ ಕಟ್ಟಿದರು. ಮಳೆಯನ್ನು ಮಾತ್ರ ಯೋಜನೆ ತರಲಾಗಲಿಲ್ಲ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ನೊರೆ ಕಂಡಿತು, ವಿಷಯ ಕೋರ್ಟಿಗೆ ಹೋಯಿತು, ನೀರು ಕೆಲಕಾಲ ನಿಂತು ಮತ್ತೆ ಹರಿಯಿತು. 2021ರ ನವೆಂಬರ್ ಮಳೆಗಂತೂ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಬೆಸ್ತರ ಮನೆಯ ಬಲೆಗಳು ಅಟ್ಟದಿಂದ ಇಳಿದವು.

ಇಲ್ಲಿಂದ ಕಥೆ ಸಿಕ್ಕುಸಿಕ್ಕು. ಹಿಂದೆ ಬೇಸಿಗೆ ಬಂದರೆ ಬೇಡದ ಮೀನೆಲ್ಲ ಕೆರೆಯ ಜೊತೆಗೇ ಮುಗಿದುಹೋಗುತ್ತಿತ್ತು. ಈಗ ಜಿಲೇಬಿ ಮೀನಿಗೆ, ಅಂದರೆ 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾಕ್ಕೆ, ಸಾವೇ ಇಲ್ಲ. ಬಲೆಗೆ ಬಿದ್ದ ಹೆಣ್ಣು ಜಿಲೇಬಿಯ ಬಾಯಿ ಬಿಡಿಸಿ ನೋಡಿ: ಎಷ್ಟೋ ಸಲ ಸಣ್ಣ ಹಳದಿ ಮೊಟ್ಟೆಗಳು ಉದುರುತ್ತವೆ. ಮರಿಯನ್ನೂ ಬಾಯಲ್ಲೇ ಕಾಯುವ ಮೀನದು. ಹುಟ್ಟಿದ ಕೆಲವೇ ತಿಂಗಳಿಗೆ ತಾನೂ ಮರಿ ಮಾಡುತ್ತದೆ. ಕೆರೆ ತುಂಬ ಅಂಗೈಯಷ್ಟೇ ಉದ್ದದ ಮೀನು, ಕಟ್ಲಾ ಮರಿಗೆ ತಿನ್ನಲು ಉಳಿಯುವುದು ಕಡಿಮೆ. ಆಳದ ನೀರಿನಲ್ಲಿ ಎಳೆಬಲೆಯೂ ನಡೆಯುವುದಿಲ್ಲ.

ಇನ್ನು ನೀರಿನದೇ ಸಮಸ್ಯೆ. ಎರಡೇ ಹಂತ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಪಾಚಿ ಕಟ್ಟುತ್ತದೆ. ಪಾಚಿ ರಾತ್ರಿಯೆಲ್ಲ ಆಮ್ಲಜನಕ ಎಳೆದು, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮೋಡ ಕವಿದ ದಿನ ಅಪಾಯ ಇನ್ನೂ ಜಾಸ್ತಿ. ಉಳಿದ ಮೀನಿಗೂ ಸಂತೆಯಲ್ಲಿ ‘ಯಾವ ಕೆರೆಯದು?’ ಅನ್ನುವ ಪ್ರಶ್ನೆ ಎದುರಾಗುತ್ತದೆ.

ನನ್ನ ಪ್ರಕಾರ ದೊಡ್ಡ ತೊಡಕು ಹರಾಜಿನದು. ಕೆರೆ ಒಣಗಿದ್ದಾಗ ಮೀನು ಪಾಶುವಾರಿಗೆ, ಅಂದರೆ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕಿಗೆ, ಕೇಳುವವರಿರಲಿಲ್ಲ. ನೀರು ನಿಂತಿತು, ಬಿಡ್ ಏರಿತು. ಮುಂಗಡ ಕಟ್ಟಲು ದುಡ್ಡಿರುವವರು ಕೆರೆ ಹಿಡಿಯುತ್ತಾರೆ, ಬಲೆ ಬೀಸಲು ಬರುವವರು ಅವರ ಬಳಿ ಕೂಲಿಗೆ ನಿಲ್ಲುತ್ತಾರೆ. ಸಹಕಾರ ಸಂಘಕ್ಕೇ ಕೆರೆ ಕೊಟ್ಟು, ಬಾಡಿಗೆಯನ್ನು ಮೀನು ಹಿಡಿದ ಮೇಲೆ ಕಂತಿನಲ್ಲಿ ಕಟ್ಟಿಸಿಕೊಂಡರೆ ಲೆಕ್ಕ ಬೇರೆ ಆಗುತ್ತದೆ. ಆಗ ದೊಡ್ಡ ಮರಿ ತಂದು ಬಿಡಲು, ಜಿಲೇಬಿ ತಿನ್ನುವ ಕೊರಮೀನನ್ನು ಜೊತೆಗೆ ಬೆಳೆಸಲು ಸಂಘದ ಕೈಯಲ್ಲಿ ಕಾಸು ಉಳಿಯುತ್ತದೆ.