ಉಂಡೂ ಹೋಗಿ, ಕೊಂಡೂ ಹೋಗಿ

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದೆವು. ಕೊನೆಗೆ ಒಂದು ಬೌಲ್ ಪಲಾವ್, ಅರ್ಧ ಬೌಲ್ ಪನೀರ್, ಎರಡು ರೋಟಿ ಉಳಿಯಿತು. ಅಮ್ಮ ಸಪ್ಲೈಯರ್ ಹುಡುಗನನ್ನು ಕರೆದು, "ಇದನ್ನ ಕಟ್ಟಿಕೊಡಪ್ಪ" ಎಂದರು. ಅಪ್ಪನಿಗೆ ಮುಜುಗರವಾಯಿತು. ಹುಡುಗ ಅತ್ತ ಹೋದ ಮೇಲೆ ಮೆಲ್ಲಗೆ, "ಎಂಜಲು ಕಟ್ಟಿಸ್ಕೊಂಡು ಹೋಗ್ತೀಯಾ? ನೋಡಿದವರು ಏನಂದ್ಕೋತಾರೆ" ಎಂದರು. ಅಮ್ಮ ಕೇಳಿದ್ದು ಇಷ್ಟೇ: "ಬೌಲಿಗೆ ಯಾರು ಕೈ ಹಾಕಿದ್ದಾರೆ? ಇದು ಹೇಗೆ ಎಂಜಲಾಗುತ್ತೆ?"

ಅವತ್ತು ನನಗೆ ಇದು ಗಂಡ ಹೆಂಡಿರ ಸಣ್ಣ ಜಗಳ ಅನ್ನಿಸಿತ್ತು. ಆದರೆ ಹೋಟೆಲಿನಲ್ಲಿ ಉಳಿದ ಊಟವನ್ನು ಮನೆಗೆ ತರಬೇಕೋ ಬೇಡವೋ ಎಂದು ನಾವು ಇಷ್ಟು ವರ್ಷ ಹಿಂದೆಮುಂದೆ ನೋಡಿದ್ದು ಈ ಎರಡು ಮಾತುಗಳ ನಡುವೆಯೇ.

ಉಳಿದ ಊಟಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಪಾತ್ರೆಯಲ್ಲಿ ಉಳಿದರೆ ಮಿಕ್ಕದ್ದು. ರಾತ್ರಿ ಕಳೆದರೆ ತಂಗಳು. ಬಾಯಿ ತಾಗಿದರೆ, ಉಂಡ ಎಲೆಯಲ್ಲಿ ಉಳಿದರೆ ಎಂಜಲು. ಮೊದಲ ಎರಡಕ್ಕೆ ನಮ್ಮ ಮನೆಗಳಲ್ಲಿ ಯಾವತ್ತೂ ನಾಚಿಕೆ ಇರಲಿಲ್ಲ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಮಿಕ್ಕ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಾರೆ. ಕರಾವಳಿಯವರನ್ನು ಕೇಳಿ, ಮೀನು ಸಾರಿಗೆ ರುಚಿ ಬರುವುದೇ ಮಾರನೇ ದಿನ ಅನ್ನುತ್ತಾರೆ. ಉತ್ತರ ಕರ್ನಾಟಕದ ಕಟಕ ರೊಟ್ಟಿಯಂತೂ ದಿನಗಟ್ಟಲೆ ಇಟ್ಟು ತಿನ್ನಲೆಂದೇ ಹುಟ್ಟಿದ್ದು.

ಎಲೆಯಲ್ಲಿ ಬಿಟ್ಟದ್ದೂ ಆಗ ದಂಡವಾಗುತ್ತಿರಲಿಲ್ಲ. ಉಂಡೆಲೆ ಹಿತ್ತಲಿನ ಹಸುವಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ಬಸಿದ ಗಂಜಿ ಸೇರಿ ಕಲಗಚ್ಚಾಗುತ್ತಿತ್ತು. ಎಲೆಯ ಮೇಲೆ ನಾಲ್ಕು ತುತ್ತು ಬಿಟ್ಟರೆ ಅದನ್ನು ತಿನ್ನುವ ಬಾಯಿ ಹತ್ತಿರದಲ್ಲೇ ಇತ್ತು. ಊರು ಬಿಟ್ಟು ಪೇಟೆಗೆ ಬಂದಾಗ ಬಿಡುವ ಅಭ್ಯಾಸ ನಮ್ಮ ಜೊತೆ ಬಂತು. ಹಸು ಬರಲಿಲ್ಲ.

ಊಟವನ್ನು ಹೊತ್ತುಕೊಂಡು ಹೋಗುವುದೂ ನಮಗೆ ಹೊಸದಲ್ಲ. ದಾರಿಗೆ ಬುತ್ತಿ ಕಟ್ಟಿಕೊಡುವುದು ಪ್ರೀತಿಯ ಕೆಲಸ. ಹಳೇ ಮೈಸೂರು ಕಡೆ ಬೀಗರೂಟದಲ್ಲಿ ನೆಂಟರ ಕೈಗೆ ಒಂದು ಡಬ್ಬಿ ಬಾಡಿನ ಸಾರು ಕೊಟ್ಟು ಕಳಿಸುವ ಮನೆಗಳು ಈಗಲೂ ಇವೆ. ದೇವಸ್ಥಾನದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತೇವೆ. ಇಷ್ಟೆಲ್ಲ ಇದ್ದರೂ "ಉಂಡೂ ಹೋದ, ಕೊಂಡೂ ಹೋದ" ಅನ್ನುವ ಮಾತು ಮಾತ್ರ ಬೈಗುಳ. ಯಾಕೆಂದರೆ ಕೊಟ್ಟವರು ತಾವಾಗಿ ಕೊಟ್ಟರೆ ಅದು ಬುತ್ತಿ. ಉಂಡವನು ಬಾಯಿಬಿಟ್ಟು ಕೇಳಿದರೆ ಆಸೆಬುರುಕತನ. ಹೋಟೆಲಿನಲ್ಲಿ ಅಪ್ಪನನ್ನು ಕಾಡಿದ್ದು ಇದೇ ಇರಬೇಕು. ಬಿಲ್ಲು ಕೊಡುವವರು ತಾವೇ ಆಗಿದ್ದರೂ ಮನಸ್ಸಿನಲ್ಲಿ ಅವರು ಅಲ್ಲಿ ನೆಂಟನ ಹಾಗೆ ಕೂತಿದ್ದರು.

ಎಂಜಲಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಇನ್ನೊಬ್ಬರು ಉಂಡು ಬಿಟ್ಟದ್ದನ್ನು ಯಾರು ತಿನ್ನಬೇಕು ಅನ್ನುವುದು ನಮ್ಮ ಸಮಾಜದಲ್ಲಿ ಮೊದಲೇ ತೀರ್ಮಾನವಾಗಿತ್ತು. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣಬೇಕಿತ್ತು. ಮೇಲ್ಜಾತಿಯವರ ಮನೆಯಲ್ಲಿ ಉಳಿದದ್ದು, ಬಿಸಾಕಿದ್ದು ದಲಿತರ ಪಾಲಿಗೆ ಬರುತ್ತಿತ್ತು. ಅದು ದಾನವೂ ಅಲ್ಲ, ಪ್ರೀತಿಯೂ ಅಲ್ಲ. ನೀನು ಎಲ್ಲಿರಬೇಕು ಎಂದು ದಿನಾ ನೆನಪಿಸುವ ಪದ್ಧತಿ. 1927ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ, ದಲಿತರಿಗೆ ಬಿಡದಿದ್ದ ಚವದಾರ್ ಕೆರೆಯ ನೀರು ಮುಟ್ಟುವ ಮೊದಲು ನಡೆದ ಸಮಾವೇಶದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ತಮ್ಮ ಜನರಿಗೆ ಹೇಳಿದ ಮಾತುಗಳಲ್ಲಿ ಇದೂ ಒಂದು: ಸತ್ತ ಪ್ರಾಣಿಯ ಮಾಂಸ ತಿನ್ನುವುದನ್ನು ಬಿಡಿ, ಎಸೆದ ತುಣುಕುಗಳನ್ನು ತಿನ್ನುವುದನ್ನು ಬಿಡಿ. ಎಂಜಲನ್ನು ಬೇಡ ಅನ್ನುವುದು ಅಲ್ಲಿ ಸ್ವಾಭಿಮಾನದ ಮೊದಲ ಹೆಜ್ಜೆಯಾಗಿತ್ತು.

ನಮ್ಮ ರಾಜ್ಯದಲ್ಲೇ, ಕುಕ್ಕೆ ಸುಬ್ರಹ್ಮಣ್ಯದಲ್ಲಿ ಉಂಡೆಲೆಗಳ ಮೇಲೆ ಉರುಳುವ ಮಡೆಸ್ನಾನದ ಬಗ್ಗೆ ವರ್ಷಗಟ್ಟಲೆ ಹೋರಾಟ ನಡೆಯಿತು. 2017ರ ಮೌಢ್ಯ ನಿಷೇಧ ಕಾಯ್ದೆ ಅದನ್ನೂ ಒಳಗೊಂಡಿತು. ಆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಆದ್ದರಿಂದ ಎಂಜಲು ಅಂದಕೂಡಲೇ ಹಿಂದೆ ಸರಿಯುವವರನ್ನೆಲ್ಲ ದುಂದುಗಾರರು, ಜಂಬದವರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಪದದ ಹಿಂದೆ ತುಂಬ ಜನರ ನೋವಿದೆ.

ಇನ್ನು ಹೋಟೆಲಿಗೆ ಬರೋಣ. ಕಳೆದ ಶತಮಾನದ ಮೊದಲ ಭಾಗದಲ್ಲಿ ಉಡುಪಿ ಕಡೆಯವರು ಊರೂರಿಗೆ ಹೋಗಿ ಹೋಟೆಲ್ ತೆರೆದರು. ಬೆಂಗಳೂರಿನ ಎಂಟಿಆರ್ ಶುರುವಾದದ್ದು 1924ರಲ್ಲಿ. ಆಗ ಯಾರು ಬೇಯಿಸಿದ್ದಾರೆ, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ದೊಡ್ಡ ಪ್ರಶ್ನೆ. ಬ್ರಾಹ್ಮಣರಿಗೆ ಬೇರೆ ಜಾಗ ಇಟ್ಟ ಹೋಟೆಲುಗಳಿದ್ದವು. ಮಡಿವಂತರ ಮನೆಗಳಲ್ಲಿ ಹೋಟೆಲಿಗೆ ಹೋಗಿ ಬಂದದ್ದನ್ನೇ ಮುಚ್ಚಿಡುತ್ತಿದ್ದರು. ಅಂಥ ಕಾಲದಲ್ಲಿ ಅಲ್ಲಿ ಉಳಿದದ್ದನ್ನು ಮನೆಯೊಳಗೆ ತರುವುದು ಎಲ್ಲಿಂದ ಬಂತು?

ಬಡಿಸುವ ರೀತಿಯೂ ಅದಕ್ಕೆ ಅವಕಾಶ ಕೊಡಲಿಲ್ಲ. ಎಲೆ ಊಟವಾಗಲಿ, ಪ್ಲೇಟ್ ಊಟವಾಗಲಿ, ಎಲ್ಲ ನೇರ ಎಲೆಗೋ ತಟ್ಟೆಗೋ ಬೀಳುತ್ತದೆ. ಅದರ ಮೇಲೆ ಸಾರು, ಹುಳಿ, ಮಜ್ಜಿಗೆ. ಕೈ ಹಾಕಿ ಕಲಸಿದ ಮೇಲೆ ಅದೆಲ್ಲ ಎಂಜಲು. ಕಟ್ಟಿಸಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಪಾರ್ಸೆಲ್ ಬೇಕಾದಷ್ಟು ಇತ್ತು. ಬಾಳೆ ಎಲೆಯ ತುಂಡು, ಮೇಲೆ ನ್ಯೂಸ್ ಪೇಪರು, ಬಿಳಿ ದಾರ. ಸಾಂಬಾರಿಗೆ ಮನೆಯಿಂದ ತಂದ ಪಾತ್ರೆ. ಆದರೆ ಅದು ಹೊಸದಾಗಿ ಕೊಂಡ ತಿಂಡಿ. ಕೂತು ತಿಂದು ಉಳಿಸಿದ್ದಲ್ಲ.

ತಿಂಡಿ ಉಳಿಯದ ಹಾಗೆ ನಮ್ಮವರು ಬೇರೆ ಉಪಾಯ ಹುಡುಕಿಕೊಂಡಿದ್ದರು. ಬೈ-ಟು. ಒಂದು ಕಾಫಿ, ಎರಡು ಲೋಟ. ಒಂದು ಸೂಪು, ಎರಡು ಬೌಲು. ಯಾರೂ ಅದನ್ನು ಜಿಪುಣತನ ಅನ್ನುವುದಿಲ್ಲ, ಅಲ್ವಾ? ಬಾಯಿ ತಾಗುವ ಮೊದಲೇ ಪಾಲು ಮಾಡಿದರೆ ಎಂಜಲಿನ ಪ್ರಶ್ನೆಯೇ ಬರುವುದಿಲ್ಲ. ಇಷ್ಟು ಚಂದದ ಪದ್ಧತಿ ಊಟದ ತಟ್ಟೆಯವರೆಗೂ ಯಾಕೆ ಬರಲಿಲ್ಲ ಎಂದು ನನಗೆ ಆಗಾಗ ಬೇಜಾರಾಗುತ್ತದೆ. 1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿಗಳಲ್ಲೂ ಉಳಿಯುವುದು ಕಡಿಮೆ. ನಿಂತು ತಿನ್ನಬೇಕು, ತಟ್ಟೆ ಸಣ್ಣದು, ಬೇಕಾದಷ್ಟೇ ಟೋಕನ್.

ಮನಸ್ಸು ಬದಲಾಗುವ ಮೊದಲು ಬದಲಾದದ್ದು ಪಾತ್ರೆ. ಪಂಜಾಬಿ, ಚೈನೀಸ್ ಊಟದ ಫ್ಯಾಮಿಲಿ ರೆಸ್ಟೋರೆಂಟುಗಳು ಹೆಚ್ಚಾದಾಗ ಊಟ ತಟ್ಟೆಯ ಬದಲು ಬೌಲಿನಲ್ಲಿ ಮೇಜಿಗೆ ಬಂತು. ಎಲ್ಲರೂ ಸ್ಪೂನಿನಿಂದ ಬಡಿಸಿಕೊಳ್ಳುತ್ತಾರೆ. ಬೌಲಿನಲ್ಲಿ ಉಳಿದದ್ದು ಮನೆಯ ಪಾತ್ರೆಯಲ್ಲಿ ಉಳಿದದ್ದಕ್ಕೆ ಸಮ. ಅಮ್ಮ ಹೇಳಿದ್ದು ಇದನ್ನೇ. ಒಂದು ಪ್ಲೇಟ್ ಫ್ರೈಡ್ ರೈಸ್ ಮೂವರಿಗಾಗುವಷ್ಟು ಬರುತ್ತಿತ್ತು, ಉಳಿಯುತ್ತಿತ್ತು. "ಪ್ಯಾಕ್ ಮಾಡಿಬಿಡಿ" ಎನ್ನುವ ಮಾತು ಮೊದಲು ಕೇಳಿಬಂದದ್ದು ಈ ಮೇಜುಗಳಲ್ಲಿ.

ನಾಚಿಕೆ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಸಾಕುಪ್ರಾಣಿಗಳ ಆಹಾರಕ್ಕೆ ಕೊರತೆಯಿತ್ತು. 1943ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಫೆಗಳು ನಾಯಿಗೆಂದು ಉಳಿಕೆಯನ್ನು ಪೊಟ್ಟಣ ಕಟ್ಟಿಕೊಡತೊಡಗಿದವು. ಹಾಗೆ ಬಂದದ್ದು ಡಾಗಿ ಬ್ಯಾಗ್. ನಾಯಿ ಸಾಕದವರೂ ನಾಯಿಯ ಹೆಸರು ಹೇಳಿ ಒಯ್ಯುತ್ತಿದ್ದರು. ನಮ್ಮಲ್ಲೂ ಈಗಲೂ "ನಾಯಿಗೆ ಬೇಕಿತ್ತು" ಎಂದು ಕೇಳುವವರನ್ನು ನೋಡಿದ್ದೇನೆ. ಯೂರೋಪಿನಲ್ಲಿ ಸಂಕೋಚ ಇನ್ನೂ ಜಾಸ್ತಿ ಇತ್ತು. ಕೊನೆಗೆ ಕಾನೂನೇ ಬರಬೇಕಾಯಿತು. ಫ್ರಾನ್ಸ್‌ನಲ್ಲಿ 2021ರ ಜುಲೈನಿಂದ ಗಿರಾಕಿ ಕೇಳಿದರೆ ಡಬ್ಬಿ ಕೊಡಲೇಬೇಕು. ಸ್ಪೇನ್ 2025ರಲ್ಲಿ ಅಂಥದೇ ಕಾಯ್ದೆ ಮಾಡಿತು. ಬಫೆ ಬಿಟ್ಟು ಉಳಿದೆಡೆ ಉಳಿಕೆ ಒಯ್ಯಲು ಗಿರಾಕಿಯಿಂದ ಜಾಸ್ತಿ ದುಡ್ಡು ಕೇಳುವಂತಿಲ್ಲ.

ನಮ್ಮ ದೇಶದಲ್ಲಿ ಊಟದ ಬಗ್ಗೆ ಸರ್ಕಾರ ಮಾತಾಡಿದ್ದು ಕೊರತೆ ಬಂದಾಗ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿ ಊಟ ಬಿಡಿ ಎಂದು ಕೇಳಿಕೊಂಡರು. ಹೋಟೆಲುಗಳೂ ಆ ಹೊತ್ತು ಬಾಗಿಲು ಹಾಕಿದವು. 2017ರಲ್ಲಿ ಕೇಂದ್ರ ಸಚಿವ ರಾಮ್ ವಿಲಾಸ್ ಪಾಸ್ವಾನ್, ಹೋಟೆಲಿನಲ್ಲಿ ಒಂದು ಪ್ಲೇಟಿಗೆ ಎಷ್ಟು ಬಡಿಸಬೇಕು ಎಂದು ನಿಗದಿ ಮಾಡುವ ಮಾತೆತ್ತಿದರು. ಹೋಟೆಲಿನವರು ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿತು.

ಆ ಹೊತ್ತಿಗೆ ಬೆಂಗಳೂರು ತನ್ನ ಉಳಿಕೆಯ ಲೆಕ್ಕವನ್ನು ಕಣ್ಣಾರೆ ಕಂಡಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 75 ಕಲ್ಯಾಣ ಮಂಟಪಗಳನ್ನು ನೋಡಿ, ನಗರದ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತಿದೆ ಎಂದು 2012ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಗುಡ್ಡೆ ಮುಚ್ಚಿತು. ಕಸ ಮಂಡೂರು ಎಂಬ ಹಳ್ಳಿಗೆ ಹೋಯಿತು. ಅಲ್ಲಿನ ಜನ ನಾತ, ನೊಣ, ಕೆಟ್ಟ ನೀರಿನ ವಿರುದ್ಧ ರಸ್ತೆಗಿಳಿದರು. 2014ರ ಕೊನೆಗೆ ಅದೂ ನಿಂತಿತು. ಹಸಿ ಕಸ ಅಂತ ನಾವು ಸಲೀಸಾಗಿ ಹೇಳುವುದರಲ್ಲಿ ಅನ್ನ, ಪಲ್ಯ, ಚಪಾತಿ ಎಷ್ಟಿರುತ್ತದೆ! ನಾವು ಮರ್ಯಾದೆಗೆ ಅಂಜಿ ಮೇಜಿನ ಮೇಲೆ ಬಿಟ್ಟದ್ದು ಹಳ್ಳಿಯವರ ಮನೆಬಾಗಿಲಿಗೆ ಹೋಗಿ ಬೀಳುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಂಕೋಚ ಬಿಡಿಸಿದ್ದು ಮಾತ್ರ ಈ ಅಂಕಿಗಳಲ್ಲ, ಡಬ್ಬಿ. 2014ರಲ್ಲಿ ಬೆಂಗಳೂರಿನಲ್ಲೇ ಸ್ವಿಗ್ಗಿ ಶುರುವಾಯಿತು. ಮನೆಬಾಗಿಲಿಗೆ ಊಟ ಕಳಿಸಲು ಸಣ್ಣ ಹೋಟೆಲುಗಳೂ ಮುಚ್ಚಳದ ಡಬ್ಬಿ ತರಿಸಿದವು. 2020ರ ಲಾಕ್‌ಡೌನ್‌ನಲ್ಲಿ ಕೂತು ತಿನ್ನುವುದೇ ನಿಂತು, ಹೋಟೆಲ್ ಊಟ ಅಂದರೆ ಪಾರ್ಸೆಲ್ ಅನ್ನುವಂತಾಯಿತು. ಆಮೇಲೆ ಮತ್ತೆ ಮೇಜಿಗೆ ಬಂದಾಗ ಡಬ್ಬಿ ಗಲ್ಲಾದ ಪಕ್ಕದಲ್ಲೇ ಇತ್ತು. ಈಗ ಎಷ್ಟೋ ಕಡೆ ಸಪ್ಲೈಯರೇ "ಪ್ಯಾಕ್ ಮಾಡ್ಲಾ ಸರ್?" ಎಂದು ಕೇಳುತ್ತಾರೆ. ಕೇಳಿ ಸಣ್ಣವರಾಗುವ ಭಯ ಅರ್ಧ ಹೋದದ್ದು ಅಲ್ಲಿ. ಕೊಡುವವರೇ ಮೊದಲು ಮಾತಾಡಿದರೆ ಅದು ಬುತ್ತಿಯ ಹಾಗಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾವು ಎಡವುತ್ತಿದ್ದೇವೆ. ಕಟ್ಟಿಸಿಕೊಂಡು ಬಂದದ್ದನ್ನು ತಾವು ತಿನ್ನದೆ ವಾಚ್‌ಮನ್‌ಗೋ ಕೆಲಸದವರಿಗೋ ಕೊಟ್ಟುಬಿಡುವುದು. ಬೌಲಿನಲ್ಲಿ ಉಳಿದದ್ದಾದರೆ, ಹೇಳಿ ಕೇಳಿ, ಅವರು ಒಪ್ಪಿದರೆ ಸರಿ. ನಮ್ಮ ತಟ್ಟೆಯದನ್ನು ಕೊಡುವುದು ಆ ಹಳೆಯ ಪದ್ಧತಿಯೇ ಹೊಸ ಡಬ್ಬಿಯಲ್ಲಿ ಬಂದಂತೆ. ಮಿಕ್ಕ ಆಹಾರವನ್ನು ಹಂಚುವ ಸಂಸ್ಥೆಗಳಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲೇ ನಿಯಮ ಮಾಡಿದೆ. ಆ ಸಂಸ್ಥೆಗಳು ಕೇಳುವುದು ಪಾತ್ರೆಯ ಊಟವನ್ನು, ತಟ್ಟೆಯದನ್ನಲ್ಲ.

ಇನ್ನು ಕೆಡುವ ಭಯ. ಅದು ನಿಜವಾದ ಭಯ, ಮಡಿಯ ನೆಪವಲ್ಲ. ಬೇಯಿಸಿದ ಊಟ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು. ಬಿಸಿಲು ಜೋರಿದ್ದರೆ ಒಂದೇ ಗಂಟೆ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೆಂದ ಮೇಲೂ ಅದರಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿಸಿ ಸಿನಿಮಾಗೆ ಹೋಗುವವರು ಪ್ಯಾಕ್ ಮಾಡಿಸದಿರುವುದೇ ಒಳ್ಳೆಯದು. ಸೀದಾ ಮನೆಗೆ ಬಂದು ಫ್ರಿಜ್ಜಿಗೆ ಇಡುವವರು, ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡುವವರು ಧಾರಾಳವಾಗಿ ತರಬಹುದು. ಬಿಸಿ ಸಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳುವ ಬದಲು ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ಯುವುದು ಇನ್ನೂ ವಾಸಿ.

ಅಪ್ಪ ಈಗ ಅದನ್ನೇ ಮಾಡುತ್ತಾರೆ. ಯಾವಾಗ ಶುರು ಮಾಡಿದರೋ ನಮಗಾರಿಗೂ ಸರಿಯಾಗಿ ನೆನಪಿಲ್ಲ. ಹೋಟೆಲಿಗೆ ಹೊರಟರೆ ಅವರ ಬಟ್ಟೆ ಚೀಲದಲ್ಲಿ ಎರಡು ಡಬ್ಬಿ ಇರುತ್ತವೆ. ಮೊನ್ನೆ ಮೇಜಿನ ಮೇಲೆ ಮೂರು ಇಡ್ಲಿ, ಒಂದು ಬೌಲ್ ಸಾಗು, ಕಾಯಿ ಚಟ್ನಿ ಉಳಿದಿತ್ತು. ಹುಡುಗ ಎಲ್ಲವನ್ನೂ ಎತ್ತಿಕೊಳ್ಳಲು ಬಂದ. ಅಪ್ಪ ಡಬ್ಬಿ ಮುಂದಿಟ್ಟು, "ಇಡ್ಲಿ, ಸಾಗು ಹಾಕು. ಚಟ್ನಿ ಬೇಡ, ಬೆಳಿಗ್ಗೆ ಹೊತ್ತಿಗೆ ಹಳಸುತ್ತೆ" ಎಂದರು.