ಮರ ಕಡಿಯುವ ಮೊದಲು ಯಾರನ್ನು ಕೇಳಬೇಕು?

ಉತ್ತರ ಯುರೋಪಿನ ಚಳಿಯಲ್ಲಿ ಇಂದು ನೆಟ್ಟ ಪೈನ್ ಸಸಿ ಕಡಿಯುವ ಹದಕ್ಕೆ ಬರಲು 80, ಕೆಲವೆಡೆ 100 ವರ್ಷವೂ ಹಿಡಿಯುತ್ತದೆ. ನೆಟ್ಟವರು ಅದನ್ನು ಕಡಿಯುವುದಿಲ್ಲ. ಅವರ ಮಕ್ಕಳ ಕಾಲಕ್ಕೂ ಅದು ಕೊಡಲಿಗೆ ಸಿಗುವುದು ಅನುಮಾನ. ಒಂದು ಊರು ಒಗ್ಗದಿದ್ದರೆ ಮೊಬೈಲ್ ಜೋಡಿಸುವ ಕಾರ್ಖಾನೆ ಯಂತ್ರಗಳನ್ನು ಕಳಚಿಕೊಂಡು ಬೇರೆ ದೇಶಕ್ಕೆ ಹೋದೀತು. ಕಾಡನ್ನು ಹಾಗೆ ಹೊತ್ತೊಯ್ಯಲಾಗದು. ಹಾಗಾಗಿ ಮರ, ತಿರುಳು (ಕಾಗದ ಮಾಡಲು ಮರದಿಂದ ತೆಗೆಯುವ ನಾರಿನ ಮುದ್ದೆ), ಕಾಗದದ ಕಂಪನಿಗಳು ತಮ್ಮ ಸುತ್ತಲಿನ ಜನರೊಂದಿಗೆ, ಇಷ್ಟವಿರಲಿ ಇಲ್ಲದಿರಲಿ, ತಲೆಮಾರುಗಟ್ಟಲೆ ಏಗಬೇಕಾಗುತ್ತದೆ.

ಈ ಸುತ್ತಲಿನ ಜನರನ್ನು ಕಂಪನಿಗಳು ಭಾಗೀದಾರರು ಎಂದು ಕರೆಯುತ್ತವೆ. ಶೇರು ಹೊಂದಿದವರು ಮಾತ್ರವಲ್ಲ, ಮರ ಮಾರುವ ಕಾಡಿನ ಒಡೆಯರು, ಕಾರ್ಮಿಕರು, ನದಿಯ ಕೆಳದಂಡೆಯ ಊರಿನವರು, ಆ ಕಾಡಿನಲ್ಲಿ ಪ್ರಾಣಿ ಮೇಯಿಸುವವರು, ಸಾಲ ಕೊಟ್ಟ ಬ್ಯಾಂಕು, ಕಾಗದ ಕೊಳ್ಳುವ ಮುದ್ರಕರು, ಪರಿಸರ ಸಂಘಟನೆಗಳು ಎಲ್ಲರೂ ಇದರಲ್ಲಿ ಬರುತ್ತಾರೆ. ಕಂಪನಿಯ ಗುರಿಯ ಮೇಲೆ ಪ್ರಭಾವ ಬೀರಬಲ್ಲವರು ಅಥವಾ ಅದರ ಪರಿಣಾಮಕ್ಕೆ ಒಳಗಾಗುವವರು ಎಲ್ಲರೂ ಭಾಗೀದಾರರೇ ಎಂದು ಅಮೆರಿಕದ ಚಿಂತಕ ಎಡ್ವರ್ಡ್ ಫ್ರೀಮನ್ 1984ರಲ್ಲಿ ಹೇಳಿದ ಮಾತು ಇಂದಿಗೂ ಚಲಾವಣೆಯಲ್ಲಿದೆ. ಆದರೆ ಪಟ್ಟಿ ಇಷ್ಟು ಉದ್ದವಾದರೆ ಮೊದಲು ಯಾರ ಮಾತು ಕೇಳುವುದು? 1997ರಲ್ಲಿ ಮೂವರು ಸಂಶೋಧಕರು ಇದಕ್ಕೆ ಮೂರು ಒರೆಗಲ್ಲುಗಳನ್ನು ಕೊಟ್ಟರು: ಬಲ, ನ್ಯಾಯಬದ್ಧತೆ ಮತ್ತು ತುರ್ತು. ಮೂರೂ ಇರುವವರಿಗೆ ಮೊದಲ ಮಣೆ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಕಚೇರಿಯೊಳಗೆ ಕುಳಿತು ನೋಡುವಾಗ ಮೂರರಲ್ಲಿ ಬಲವೊಂದೇ ಬೇಗ ಕಣ್ಣಿಗೆ ಬೀಳುವುದು.

ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಭಾಗೀದಾರರಿಗೆಂದೇ ಕೆಲವು ಪುಟಗಳು ಇರುತ್ತವೆ. ಎಷ್ಟು ಸಭೆ ನಡೆಯಿತು, ಎಷ್ಟು ಜನ ಸಮೀಕ್ಷೆಗೆ ಉತ್ತರಿಸಿದರು ಎಂಬ ಲೆಕ್ಕ. ಪಕ್ಕದಲ್ಲಿ ಸಸಿ ಹಿಡಿದ ಮಕ್ಕಳ ಚಿತ್ರ. ಆ ಪುಟಗಳನ್ನು ಓದುವಾಗ ನನ್ನ ತಲೆಯಲ್ಲಿ ಸುಳಿಯುವ ಪ್ರಶ್ನೆ ಒಂದೇ: ಆ ಸಭೆ ನಡೆದ ದಿನ ಇನ್ನೂ ಏನನ್ನು ಬದಲಾಯಿಸಲು ಸಾಧ್ಯವಿತ್ತು? ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ ಶೆರ್ರಿ ಅರ್ನ್‌ಸ್ಟೈನ್ 1969ರಲ್ಲೇ ಈ ಜಾಗವನ್ನು ಮುಟ್ಟಿದ್ದರು. ಅವರ ಏಣಿಯಲ್ಲಿ ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ನಿಜವಾದ ಸಹಭಾಗಿತ್ವ ಶುರುವಾಗುವುದು ಆರರಲ್ಲಿ. ಕಂಪನಿಗಳ ಸಭೆಗಳಲ್ಲಿ ಹೆಚ್ಚಿನವು ಮೂರು ಮತ್ತು ನಾಲ್ಕರ ನಡುವೆಯೇ ಸುತ್ತುತ್ತಿರುತ್ತವೆ ಎಂಬುದು ನನ್ನ ಅಂದಾಜು.

ಉರುಗ್ವೆ ನದಿಯ ದಂಡೆಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಈ ನದಿ ಉರುಗ್ವೆ ಮತ್ತು ಅರ್ಜೆಂಟೀನಾ ದೇಶಗಳ ನಡುವಿನ ಗಡಿ. ಉರುಗ್ವೆಯ ಫ್ರೇ ಬೆಂಟೋಸ್ ಪಟ್ಟಣದ ಬಳಿ ಫಿನ್ಲೆಂಡಿನ ಬೋಟ್ನಿಯಾ ಕಂಪನಿ ನೀಲಗಿರಿಯಿಂದ ತಿರುಳು ತೆಗೆಯುವ ಭಾರಿ ಕಾರ್ಖಾನೆ ಕಟ್ಟತೊಡಗಿತು. ವರ್ಷಕ್ಕೆ ಸುಮಾರು 10 ಲಕ್ಷ ಟನ್ ತಿರುಳು ತೆಗೆಯುವ ಯೋಜನೆ ಅದು. ಆಚೆ ದಡದ ಅರ್ಜೆಂಟೀನಾದಲ್ಲಿ ಗುವಾಲೆಗ್ವಾಯ್ಚು ಎಂಬ ಊರಿದೆ. ಗಾಳಿಗೂ ನೀರಿಗೂ ಗಡಿಯ ಹಂಗಿಲ್ಲವಾದ್ದರಿಂದ ಆ ಊರಿನವರೂ ಕಾರ್ಖಾನೆಯ ನೆರೆಹೊರೆಯೇ. ಆದರೆ ತೆರಿಗೆ, ಉದ್ಯೋಗ, ಅನುಮತಿ ಪತ್ರ ಇವೆಲ್ಲ ಈಚೆ ದಡಕ್ಕೆ ಸೇರಿದವು. ಆಚೆಯವರ ಪಾಲಿಗೆ ಉಳಿದದ್ದು ಭಯ ಮಾತ್ರ. 2006ರ ಕೊನೆಯಿಂದ 2010ರ ಜೂನ್ ತನಕ, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ, ಅವರು ಎರಡು ದೇಶಗಳನ್ನು ಜೋಡಿಸುವ ಸೇತುವೆಯ ದಾರಿಯನ್ನೇ ಮುಚ್ಚಿ ಕುಳಿತರು. ಕಾರ್ಖಾನೆ ಈ ನಡುವೆಯೇ 2007ರ ನವೆಂಬರ್‌ನಲ್ಲಿ ಶುರುವಾಯಿತು.

ಜಗಳ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2010ರ ಏಪ್ರಿಲ್ 20ರಂದು ಬಂದ ತೀರ್ಪು ಕುತೂಹಲದ್ದು. ಕಾರ್ಖಾನೆ ನದಿಯನ್ನು ಕೆಡಿಸಿದೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದಿತು ನ್ಯಾಯಾಲಯ. ಆದರೆ 1975ರಲ್ಲಿ ಎರಡೂ ದೇಶಗಳು ಮಾಡಿಕೊಂಡಿದ್ದ ನದಿ ಒಪ್ಪಂದದ ಪ್ರಕಾರ, ಅನುಮತಿ ಕೊಡುವ ಮೊದಲೇ ಜಂಟಿ ಆಯೋಗಕ್ಕೆ ತಿಳಿಸಿ ಮಾತುಕತೆ ನಡೆಸಬೇಕಿತ್ತು. ಉರುಗ್ವೆ ಹಾಗೆ ಮಾಡಲಿಲ್ಲ, ಅದು ಉಲ್ಲಂಘನೆಯೇ ಎಂದೂ ಹೇಳಿತು. ಜನರ ಅಭಿಪ್ರಾಯ ಕೇಳಿದ್ದು ಹೌದು ಎಂಬುದನ್ನೂ ನ್ಯಾಯಾಲಯ ಒಪ್ಪಿಕೊಂಡಿತು. ಸಭೆ ನಡೆದಿತ್ತು, ದಾಖಲೆಯಲ್ಲಿತ್ತು. ಆದರೂ ಸೇತುವೆ ಮುಚ್ಚಿತು. ಕಾರ್ಖಾನೆಯ ಜಾಗ ನಿಗದಿಯಾದ ಮೇಲೆ ಕೇಳಿದ ಅಭಿಪ್ರಾಯಕ್ಕೆ ಚಿಮಣಿಯ ಎತ್ತರ ಬದಲಾದೀತೇ ಹೊರತು ಕಾರ್ಖಾನೆಯ ಜಾಗ ಬದಲಾಗದು. ಅದನ್ನು ತಿಳಿಯಲು ಆಚೆ ದಡದವರಿಗೆ ಕಾನೂನು ಪದವಿ ಬೇಕಿರಲಿಲ್ಲ. ತೀರ್ಪಿನ ನಂತರ ಎರಡೂ ದೇಶಗಳ ವಿಜ್ಞಾನಿಗಳ ಜಂಟಿ ಸಮಿತಿಯೊಂದು ನದಿಯ ನೀರನ್ನು ಪರೀಕ್ಷಿಸುವ ಏರ್ಪಾಡಾಯಿತು. ಇದೇ ಸಮಿತಿ ಅಡಿಪಾಯ ಹಾಕುವ ಮೊದಲೇ ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು.

ಭಯ ಪೂರ್ತಿ ಕಲ್ಪನೆಯೂ ಆಗಿರುವುದಿಲ್ಲ. ತಿರುಳು ಕಾರ್ಖಾನೆಯ ನೆರೆಯವರು ಮೊದಲು ದೂರುವುದು ವಾಸನೆಯನ್ನು. ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದಾಗ, ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಕರಗುತ್ತದೆ. ಆಗ ದ್ರಾವಣದ ಗಂಧಕ ಲಿಗ್ನಿನ್ನಿನ ತುಣುಕುಗಳೊಂದಿಗೆ ಸೇರಿ ಮೀಥೈಲ್ ಮರ್ಕ್ಯಾಪ್ಟನ್, ಡೈಮೀಥೈಲ್ ಸಲ್ಫೈಡ್‌ನಂಥ ಅನಿಲಗಳು ಹುಟ್ಟುತ್ತವೆ. ಕೊಳೆತ ಎಲೆಕೋಸಿನ ನಾತ ಎಂದರೆ ಸರಿಯಾದ ವರ್ಣನೆ. ಇವುಗಳಲ್ಲಿ ಕೆಲವನ್ನು ಗಾಳಿಯ ಶತಕೋಟಿ ಭಾಗದಲ್ಲಿ ಒಂದೆರಡು ಭಾಗವಿದ್ದರೂ ಮೂಗು ಹಿಡಿಯುತ್ತದೆ. ಆಧುನಿಕ ಕಾರ್ಖಾನೆಗಳು ಈ ಅನಿಲಗಳನ್ನು ಕೊಳವೆಗಳಲ್ಲಿ ಕೂಡಿಸಿ ಸುಟ್ಟುಬಿಡುತ್ತವೆ. ಯಂತ್ರ ನಿಂತಾಗ, ಮತ್ತೆ ಶುರುವಾಗುವಾಗ, ಉರಿಯುವ ಒಲೆ ಕೈಕೊಟ್ಟಾಗ ಸ್ವಲ್ಪ ಹೊತ್ತು ನಾತ ಹೊರಬೀಳುತ್ತದೆ.

ಕಾರ್ಖಾನೆಯ ಮಾಪಕ ದಿನದ ಸರಾಸರಿ ತೆಗೆದರೆ ಎಲ್ಲವೂ ಮಿತಿಯೊಳಗೇ ಕಾಣುತ್ತದೆ. ನೆರೆಮನೆಯವರ ಮೂಗು ಸರಾಸರಿ ತೆಗೆಯುವುದಿಲ್ಲ. ಬೆಳಗಿನ ಆ ಹತ್ತು ನಿಮಿಷವೇ ಅವರ ಇಡೀ ದಿನ. ಕಂಪನಿಯವರು ‘ಮಿತಿಯೊಳಗಿದೆ’ ಎನ್ನುತ್ತಾರೆ, ಊರಿನವರು ‘ಸುಳ್ಳು’ ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಅಳತೆಗೆ ನಿಷ್ಠರೇ. ಇದಕ್ಕೆ ಕೆಲವು ಕಡೆ ಬಳಸುವ ಉಪಾಯ ಸರಳವಾದದ್ದು. ನೆರೆಯವರ ಕೈಗೆ ಒಂದು ದಿನಚರಿ ಪುಸ್ತಕ ಕೊಡುತ್ತಾರೆ: ಎಷ್ಟು ಹೊತ್ತಿಗೆ, ಎಂಥ ವಾಸನೆ, ಎಷ್ಟು ಗಾಢ, ಎಷ್ಟು ಹೊತ್ತು ಇತ್ತು. ಆ ಬರಹವನ್ನು ಗಾಳಿಯ ದಿಕ್ಕಿನ ದಾಖಲೆಯ ಜೊತೆಗೂ ಕಾರ್ಖಾನೆಯ ಪಾಳಿ ಪುಸ್ತಕದ ಜೊತೆಗೂ ಹೊಂದಿಸಿ ನೋಡಿದರೆ ಯಾವ ಕವಾಟ ಸೋರುತ್ತಿದೆ ಎಂಬುದೂ ಕೆಲವೊಮ್ಮೆ ಗೊತ್ತಾಗುತ್ತದೆ. ದೂರು ಕೊಡುತ್ತಿದ್ದವರೇ ಅಲ್ಲಿ ಅಳತೆ ಕೊಡುವವರಾಗುತ್ತಾರೆ.

ಈ ಮಾತು ಇನ್ನೂ ಚೆನ್ನಾಗಿ ಕಾಣುವುದು ಸ್ವೀಡನ್ನಿನ ಉತ್ತರದ ಕಾಡುಗಳಲ್ಲಿ. ಅಲ್ಲಿ ಒಂದೇ ನೆಲದ ಮೇಲೆ ಇಬ್ಬರ ಬದುಕು ನಡೆಯುತ್ತದೆ. ಕಾಡು ಕಂಪನಿಯದೋ ಸರ್ಕಾರದ್ದೋ ಖಾಸಗಿಯವರದೋ ಇರಬಹುದು. ಆದರೆ ಅದರಲ್ಲಿ ಹಿಮಸಾರಂಗ ಮೇಯಿಸುವ ಹಕ್ಕು ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರದು. ತಲೆತಲಾಂತರದ ರೂಢಿಯಿಂದ ಬಂದ ಚಳಿಗಾಲದ ಮೇವಿನ ಹಕ್ಕನ್ನು 2011ರಲ್ಲಿ ನೊರ್ಡ್‌ಮಾಲಿಂಗ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಚಳಿಗಾಲದಲ್ಲಿ ಹಿಮಸಾರಂಗದ ಮುಖ್ಯ ಮೇವು ಕಲ್ಲುಹೂವು. ನೆಲದ ಮೇಲೆ ಬಿಳಿ ಬೂದು ಹಾಸಿನಂತೆ ಬೆಳೆಯುವ ಅದನ್ನು ಪ್ರಾಣಿ ಹಿಮದ ಅಡಿಯಿಂದಲೇ ಮೂಸಿ ಪತ್ತೆ ಮಾಡಿ, ಗೊರಸಿನಿಂದ ಕೆದಕಿ ತಿನ್ನುತ್ತದೆ. ಹಿಮದ ಮೇಲೆ ಮಳೆ ಬಿದ್ದು ಮೇಲ್ಪದರ ಗಟ್ಟಿಯಾದರೆ ಕೆದಕಲು ಆಗುವುದಿಲ್ಲ. ಆಗ ಉಳಿಯುವ ದಾರಿ ಮರದ ಕೊಂಬೆಗಳಿಂದ ಗಡ್ಡದಂತೆ ಇಳಿಬಿದ್ದಿರುವ ಇನ್ನೊಂದು ಬಗೆಯ ಕಲ್ಲುಹೂವು. ಅದು ಧಾರಾಳವಾಗಿ ಇರುವುದು ಹಳೆಯ ಮರಗಳಲ್ಲಿ.

ಈಗ ಅದೇ ನೆಲವನ್ನು ಕಂಪನಿಯ ಅರಣ್ಯಾಧಿಕಾರಿಯ ಕಣ್ಣಿನಿಂದ ನೋಡಿ. ಅವರ ನಕ್ಷೆಯಲ್ಲಿ ಪ್ರತಿ ಹೆಕ್ಟೇರಿಗೆ ಎಷ್ಟು ಘನ ಮೀಟರ್ ಮರ, ಮರದ ವಯಸ್ಸೆಷ್ಟು, ಮಣ್ಣು ಎಂಥದು ಎಂದಿರುತ್ತದೆ. ಕಲ್ಲುಹೂವಿಗೆ ಅದರಲ್ಲಿ ಜಾಗವಿಲ್ಲ. ಮರ ಕಡಿದ ಮೇಲೆ ಹೊಸ ಸಸಿ ಬೇಗ ಬೇರೂರಲಿ ಎಂದು ಯಂತ್ರದಿಂದ ನೆಲವನ್ನು ಗೀರಿ ಮಣ್ಣು ಮೇಲೆತ್ತುತ್ತಾರೆ. ಅರಣ್ಯಶಾಸ್ತ್ರದ ದೃಷ್ಟಿಯಿಂದ ಒಳ್ಳೆಯ ಕೆಲಸ. ಆದರೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಕಲ್ಲುಹೂವಿನ ಹಾಸು ಆ ಒಂದು ಮಧ್ಯಾಹ್ನದಲ್ಲಿ ಹೋದರೆ ಮತ್ತೆ ಬರಲು ದಶಕಗಳು ಬೇಕು. ಅಷ್ಟರಲ್ಲಿ ಮೇಲೆದ್ದ ಎಳೆಯ ಕಾಡು ಒತ್ತಾಗಿ ಬೆಳೆದು ನೆಲಕ್ಕೆ ಬಿಸಿಲೇ ಬೀಳದೆ ಹಾವಸೆ ಆವರಿಸುತ್ತದೆ. ಸ್ವೀಡನ್ನಿನ ಅರಣ್ಯ ಗಣತಿಯ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಲ್ಲುಹೂವು ಸಮೃದ್ಧವಾಗಿರುವ ಕಾಡಿನ ವಿಸ್ತೀರ್ಣ 60 ವರ್ಷಗಳಲ್ಲಿ ಶೇ 71ರಷ್ಟು ಕುಗ್ಗಿದೆ.

ಕಾನೂನು ಸಮಾಲೋಚನೆ ನಡೆಸಿ ಎನ್ನುತ್ತದೆ, ಕಂಪನಿಗಳು ನಡೆಸುತ್ತವೆ. ತೊಂದರೆ ಇರುವುದು ಸಮಾಲೋಚನೆಯ ಅಳತೆಯಲ್ಲಿ. ಪ್ರತಿ ಸಲವೂ ಮೇಜಿನ ಮೇಲೆ ಬರುವುದು ಒಂದೊಂದು ತುಂಡು ಕಾಡು: ಇಲ್ಲಿ ಹತ್ತು ಹೆಕ್ಟೇರ್, ಅಲ್ಲಿ ಇಪ್ಪತ್ತು. ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಹಿಮಸಾರಂಗದ ಹಿಂಡು ಬೆಟ್ಟದಿಂದ ಕಡಲ ಕಡೆಗೆ ನೂರಾರು ಕಿಲೋಮೀಟರ್ ಇಳಿಯುವಾಗ ಆ ತುಂಡುಗಳೆಲ್ಲ ಒಂದರ ಹಿಂದೆ ಒಂದು ಸಿಗುತ್ತವೆ. ಸಾಮಿ ಮೇಯಿಸುವವರು ಇದನ್ನು ಬಾಯಿಮಾತಿನಲ್ಲಿ ಹೇಳಿದರೆ, ಎದುರಿಗೆ ಕುಳಿತವರ ಬಳಿ ಬಣ್ಣದ ನಕ್ಷೆ ಇರುತ್ತಿತ್ತು. ನಕ್ಷೆಯ ಮುಂದೆ ನೆನಪು ಸೋಲುತ್ತದೆ. 2000ದಿಂದ ಈಚೆಗೆ ಸ್ವೀಡನ್ನಿನ ಅರಣ್ಯ ಇಲಾಖೆಯ ಜೊತೆ ಸೇರಿ ಸಾಮಿ ಸಮುದಾಯಗಳು ತಮ್ಮದೇ ನಕ್ಷೆಗಳನ್ನು ಮಾಡಿಕೊಳ್ಳತೊಡಗಿದವು. ಉಪಗ್ರಹ ಚಿತ್ರ, ಹಿಮಸಾರಂಗದ ಕೊರಳಿನ ಜಿಪಿಎಸ್ ಪಟ್ಟಿ, ಮೇಯಿಸುವವರೇ ನಡೆದು ಗುರುತಿಸಿದ ಮೇವಿನ ತಾಣಗಳು ಎಲ್ಲವೂ ಅದರಲ್ಲಿ ಸೇರಿವೆ. ಈಗ ಮೇಜಿನ ಮೇಲೆ ಎರಡು ನಕ್ಷೆಗಳು. ಕಡಿಯಬೇಡಿ ಎಂದು ಕೇಳಿಕೊಳ್ಳುವುದರ ಜೊತೆಗೆ, ಕಡಿಯುವುದಾದರೆ ನೆಲ ಗೀರಬೇಡಿ, ಈ ದಾರಿಯಲ್ಲಿ ಮರ ಬಿಡಿ, ಈ ಎಳೆಯ ಕಾಡನ್ನು ತೆಳುವು ಮಾಡಿ ಎಂದು ಜಾಗ ತೋರಿಸಿ ಹೇಳಲು ಬರುತ್ತದೆ. ಜಗಳ ಮುಗಿದಿಲ್ಲ. ಕೊನೆಯ ಮಾತು ಬಹುತೇಕ ಕಂಪನಿಯದೇ. ಆದರೂ ಮಾತಿನ ಮಟ್ಟ ಬದಲಾಗಿದೆ ಎಂಬುದು ಸಣ್ಣ ವಿಷಯವಲ್ಲ.

ಕೆನಡಾದಲ್ಲಿ ಪ್ರಶ್ನೆಯೇ ಬದಲಾಯಿತು. ವ್ಯಾಂಕೂವರ್ ದ್ವೀಪದ ಕ್ಲಾಕ್ವಾಟ್ ಸೌಂಡ್ ಪ್ರದೇಶದ ಮಳೆಕಾಡನ್ನು ಕಡಿಯಲು ಹೊರಟಾಗ 1993ರ ಬೇಸಿಗೆಯಲ್ಲಿ ರಸ್ತೆ ತಡೆದ 800ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅಲ್ಲಿನ ಮೂಲನಿವಾಸಿ ನೂ-ಚಾ-ನುಲ್ತ್ ಹಿರಿಯರನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಕೂರಿಸಿದ ಸಮಿತಿಯೊಂದು 1995ರಲ್ಲಿ ವರದಿ ಕೊಟ್ಟಿತು. ಅದುವರೆಗೆ ಯೋಜನೆ ಶುರುವಾಗುತ್ತಿದ್ದುದು ವರ್ಷಕ್ಕೆ ಎಷ್ಟು ಮರ ತೆಗೆಯಬಹುದು ಎಂಬಲ್ಲಿಂದ. ಏನನ್ನು ಉಳಿಸಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಮಿಕ್ಕಿದ್ದನ್ನು ಕಡಿಯಿರಿ ಎಂದಿತು ಸಮಿತಿ. ಅಲ್ಲಿ ಮರ ಕಡಿಯುತ್ತಿದ್ದ ಮ್ಯಾಕ್‌ಮಿಲನ್ ಬ್ಲೋಡೆಲ್ ಕಂಪನಿ 1998ರಲ್ಲಿ ಬೋಳು ಕಡಿತವನ್ನು, ಅಂದರೆ ಒಂದು ಜಾಗದ ಮರಗಳನ್ನೆಲ್ಲ ಒಟ್ಟಿಗೇ ಕಡಿದುಹಾಕುವುದನ್ನು, ಹಂತಹಂತವಾಗಿ ಕೈಬಿಡುವುದಾಗಿ ಘೋಷಿಸಿತು. ಒಳ್ಳೆಯ ಬುದ್ಧಿ ಬಂದಿತೋ, ವಿದೇಶಿ ಗ್ರಾಹಕರ ಮುನಿಸು ಕಾಡಿತೋ? ಎರಡೂ ಇದ್ದಿರಬೇಕು.

ಅದೇ 1993ರಲ್ಲಿ ಹುಟ್ಟಿದ, ಜವಾಬ್ದಾರಿಯಿಂದ ನೋಡಿಕೊಳ್ಳುವ ಕಾಡುಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ ಎಫ್‌ಎಸ್‌ಸಿ ಬಲದ ಅಸಮತೋಲವನ್ನು ನಿಯಮದಿಂದಲೇ ಸರಿಪಡಿಸಲು ನೋಡಿತು. ಅದರ ಮಹಾಸಭೆಯಲ್ಲಿ ಪರಿಸರ, ಸಾಮಾಜಿಕ, ಆರ್ಥಿಕ ಎಂಬ ಮೂರು ವಿಭಾಗಗಳಿಗೂ ಸಮಾನ ಮತ. ಕಂಪನಿಗಳು ಎಷ್ಟೇ ಸಂಖ್ಯೆಯಲ್ಲಿ ಬಂದರೂ ಅವುಗಳ ಪಾಲು ಮೂರನೇ ಒಂದು. ಇದೂ ಎಲ್ಲರಿಗೂ ಸಮಾಧಾನ ತಂದಿಲ್ಲ. ಸ್ಥಾಪನೆಯಲ್ಲಿ ಕೈಜೋಡಿಸಿದ್ದ ಪರಿಸರ ಸಂಘಟನೆ ಗ್ರೀನ್‌ಪೀಸ್ ಇಂಟರ್‌ನ್ಯಾಷನಲ್ 2018ರಲ್ಲಿ ಸದಸ್ಯತ್ವ ಬಿಟ್ಟಿತು.

ಇಷ್ಟೆಲ್ಲ ಹೇಳುವಾಗ ಎದುರಾಳಿಗಳ ಮಾತೇ ಹೆಚ್ಚಾಯಿತು. ಕಂಪನಿಗೆ ತೀರ ಹತ್ತಿರದ ಭಾಗೀದಾರರು ಮರ ಮಾರುವವರು. ಫಿನ್ಲೆಂಡಿನ ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಕುಟುಂಬಗಳ ಕೈಯಲ್ಲಿದೆ. ಅಂಥ ಮಾಲೀಕರು ಹಲವು ಲಕ್ಷ. ಇವರಿಲ್ಲದೆ ಕಾರ್ಖಾನೆಗಳು ಒಂದು ವಾರವೂ ಓಡವು. ಹಾಗಿದ್ದೂ 1997ರಿಂದ 2004ರ ತನಕ ಅಲ್ಲಿನ ಮೂರು ದೊಡ್ಡ ಕಂಪನಿಗಳು ಕಚ್ಚಾ ಮರದ ಖರೀದಿಯಲ್ಲಿ ಒಳಒಪ್ಪಂದ ಮಾಡಿಕೊಂಡಿದ್ದವು ಎಂದು 2009ರಲ್ಲಿ ಫಿನ್ಲೆಂಡಿನ ಮಾರುಕಟ್ಟೆ ನ್ಯಾಯಾಲಯ ತೀರ್ಪಿತ್ತಿತು. ಸ್ಟೋರಾ ಎನ್ಸೊ ಮತ್ತು ಮೆಟ್ಸಾಲಿಟ್ಟೊ ಒಟ್ಟು 5 ಕೋಟಿ 10 ಲಕ್ಷ ಯೂರೊ ದಂಡ ತೆತ್ತವು. ತನಿಖೆಗೆ ತಾನಾಗಿ ಮಾಹಿತಿ ಕೊಟ್ಟಿದ್ದ ಯುಪಿಎಂ ದಂಡದಿಂದ ಪಾರಾಯಿತು. ಮಾರುವವರನ್ನು ಎಷ್ಟೇ ಆದರದಿಂದ ಮಾತನಾಡಿಸಿದರೂ, ಅವರಿಗೆ ಎಲ್ಲಕ್ಕಿಂತ ಮುಖ್ಯವಾದ ಬೆಲೆಯ ವಿಷಯದಲ್ಲಿ ಮಾತುಕತೆ ಅವರಿಲ್ಲದ ಕಡೆ ನಡೆದಿತ್ತು. ದಂಡ ತೆತ್ತವರಲ್ಲಿ ಒಬ್ಬರಾದ ಮೆಟ್ಸಾಲಿಟ್ಟೊ ಒಂದು ಸಹಕಾರ ಸಂಘ. ಅದರ ಒಡೆಯರು ಅದಕ್ಕೆ ಮರ ಮಾರುವ ಹತ್ತಾರು ಸಾವಿರ ಕಾಡಿನ ಮಾಲೀಕರೇ. ಆ ದಂಡವೂ ಕೊನೆಗೆ ಹೋದದ್ದು ಅವರ ಸಂಘದ ಗಂಟಿನಿಂದಲೇ.