ಗೇಟು ದಾಟಿದ ಮಳೆನೀರು ಯಾರ ತಲೆನೋವು?

ಮೊದಲ ಜೋರು ಮಳೆ ಬಿದ್ದ ಮರುದಿನ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಮಳೆನೀರು ಸಾಗಿಸುವ ರಾಜಕಾಲುವೆ ಒತ್ತುವರಿಯಾಗಿದೆ, ಹೂಳು ತೆಗೆದಿಲ್ಲ, ಪಾಲಿಕೆ ನಿದ್ದೆ ಹೊಡೆಯುತ್ತಿದೆ. ಸುಳ್ಳೇನಲ್ಲ. ಆದರೆ ಆ ರಾಜಕಾಲುವೆಗೆ ನೀರು ಬರುವುದು ಎಲ್ಲಿಂದ? ನಮ್ಮ ಟೆರೇಸಿನಿಂದ, ಟೈಲ್ಸ್ ಹಾಸಿದ ಅಂಗಳದಿಂದ, ಕಾರು ನಿಲ್ಲಿಸುವ ಕಾಂಕ್ರೀಟ್ ನೆಲದಿಂದಲೂ ಬರುತ್ತದೆ, ಅಲ್ವಾ? ಒಂದು 30x40 ಅಡಿಯ ಸೈಟು ಅಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಐದೂವರೆ ಸಾವಿರ ಲೀಟರ್ ನೀರು. ಮಾರ್ಚ್‌ನಲ್ಲಿ ದುಡ್ಡು ಕೊಟ್ಟು ತರಿಸುವ ಟ್ಯಾಂಕರಿನಲ್ಲಿ ಬರುವಷ್ಟು ನೀರನ್ನು ಜೂನ್‌ನಲ್ಲಿ ಒಂದೇ ಸಂಜೆಗೆ ಬೀದಿಗೆ ತಳ್ಳುತ್ತೇವೆ. ಇಡೀ ರಸ್ತೆಯ ಮನೆಗಳನ್ನು ಸೇರಿಸಿ ಲೆಕ್ಕ ಹಾಕಿ ನೋಡಿ.

ಈ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದೊಡ್ಡ ನದಿ ಹತ್ತಿರದಲ್ಲಿಲ್ಲ. ಬಿದ್ದ ಮಳೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಕಣಿವೆಗಳ ಕಡೆಗೆ ಇಳಿದು ಹೋಗುತ್ತದೆ. ಹಾಗಾಗಿ ಹಿಂದಿನವರು ಇಳಿಜಾರಿನುದ್ದಕ್ಕೂ ಒಂದರ ಕೆಳಗೆ ಒಂದು ಕೆರೆ ಕಟ್ಟಿದರು. ಮೇಲಿನದು ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನದಕ್ಕೆ. ಆ ಕಾಲುವೆಯನ್ನು ನೋಡಿಕೊಂಡವರು ಯಾರು? ತೂಬು ಎತ್ತಿ ಇಳಿಸಲು ನೀರಗಂಟಿ ಇದ್ದ, ಬೇಸಿಗೆಯಲ್ಲಿ ಹೂಳೆತ್ತಿ ಗದ್ದೆಗೆ ಹೊಡೆಯಲು ಊರಿನ ರೈತರಿದ್ದರು. ಇದೇನು ಸಮಾಜಸೇವೆ ಅಲ್ಲ. ಕಾಲುವೆ ಕಟ್ಟಿಕೊಂಡರೆ ಅಚ್ಚುಕಟ್ಟಿನ ಭತ್ತ ಒಣಗುತ್ತಿತ್ತು, ಅದಕ್ಕೇ ಮಾಡುತ್ತಿದ್ದರು.

1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆಯ ಹಂಗು ಯಾರಿಗೆ ಬೇಕು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. ಕೊಳಚೆ ಸಾಗಿಸುವ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಮಂಡಳಿಯ ಪಾಲಿಗೆ, ಮಳೆನೀರಿನ ಮೋರಿ ಪಾಲಿಕೆಯ ಪಾಲಿಗೆ. ನನ್ನ ಪ್ರಕಾರ ನಮ್ಮ ತಲೆಯಲ್ಲಿ ಗೆರೆ ಬಿದ್ದಿದ್ದು ಇಲ್ಲೇ. ಗೇಟಿನ ಒಳಗಿದ್ದದ್ದು ನನ್ನದು, ಆಚೆ ಹೋದದ್ದು ಸರ್ಕಾರದ್ದು! ಕೆರೆಗಳನ್ನು ಒಡೆಯಬೇಡಿ, ಕೊಳಚೆ ಬಿಡಬೇಡಿ ಅಂತ ಸರ್ಕಾರವೇ ನೇಮಿಸಿದ್ದ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಅಷ್ಟರಲ್ಲಿ ಬಡಾವಣೆಗಳ ಓಟ ಶುರುವಾಗಿತ್ತು.

ಕಾನೂನು ಮತ್ತೆ ಕಾಂಪೌಂಡಿನ ಒಳಗೆ ಕಾಲಿಟ್ಟಿದ್ದು 2009ರಲ್ಲಿ. ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಹಳೇ ಕಟ್ಟಡವಾದರೆ 2400 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟು, ಹೊಸದಾಗಿ ಕಟ್ಟುವುದಾದರೆ 1200 ಚದರಡಿಯಿಂದಲೇ. ಮೊದಲು ಚಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರ್ ಹಿಡಿದಿಡಬೇಕು ಅಥವಾ ಇಂಗಿಸಬೇಕು ಎಂದಿತ್ತು, ಆಮೇಲೆ ಅದನ್ನು 60 ಲೀಟರಿಗೆ ಏರಿಸಿದರು. ಅಂದರೆ 60 ಮಿಲಿಮೀಟರ್ ಮಳೆ ಬಂದರೂ ನಿಮ್ಮ ಟೆರೇಸಿನ ನೀರು ಬೀದಿಗೆ ಇಳಿಯಬಾರದು. ಮಾಡದಿದ್ದರೆ ನೀರಿನ ಬಿಲ್ಲಿನಲ್ಲೇ ದಂಡ. ಬಹಳ ಮಂದಿ ಏನು ಮಾಡಿದರು ಗೊತ್ತಾ? ಸುಮ್ನೆ ತಿಂಗಳು ತಿಂಗಳು ದಂಡ ಕಟ್ಟಿಕೊಂಡು ಹೋದರು. ಇನ್ನು ಕೆಲವರು ನೀಲಿ ಡ್ರಮ್ಮಿಗೆ ಜಲ್ಲಿ, ಮರಳು, ಇದ್ದಿಲು ತುಂಬಿ ಗೋಡೆಗೆ ನಿಲ್ಲಿಸಿದರು, ಅದರ ತಳದ ಪೈಪು ಮಾತ್ರ ಮೋರಿಗೇ ಹೋಯಿತು.

ಇದು ನೀರಿನ ಪ್ರಮಾಣದ ಮಾತಾಯಿತು. ಗಲೀಜಿನ ಕಥೆ ಬೇರೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಪ್ರಪಂಚವೇ ನೋಡಿತು. 2017ರಲ್ಲಿ, 2018ರಲ್ಲಿ ಮತ್ತೆ ಬೆಂಕಿ. ನೊರೆಗೆ ಮುಖ್ಯ ಕಾರಣ ಡಿಟರ್ಜೆಂಟ್ ಸೇರಿದ ಕೊಳಚೆ. ಕೈಗಾರಿಕೆಗಳನ್ನು ಬೈದದ್ದಾಯಿತು, ಸರಿ. ಆದರೆ ಬಟ್ಟೆ ಒಗೆದ ನೀರು ಬರುವುದು ಮನೆಗಳಿಂದಲೇ. ಯುಟಿಲಿಟಿ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಇಟ್ಟು, ಅದರ ಪೈಪನ್ನು ಹತ್ತಿರದಲ್ಲಿದೆ ಅಂತ ಮಳೆನೀರಿನ ಪೈಪಿಗೆ ಸಿಕ್ಕಿಸಿಬಿಡುತ್ತಾರೆ. ಸೋಪಿನ ನೀರು ಶುದ್ಧೀಕರಣ ಘಟಕದ ಮುಖವನ್ನೇ ನೋಡದೆ ಮೋರಿ, ರಾಜಕಾಲುವೆ, ಕೆರೆ ಅಂತ ನೇರ ಹೋಗುತ್ತದೆ. ಬೋರ್‌ವೆಲ್ ಕೊರೆಯುವ ದಿನ ನೋಡಿ: ಬೂದುಬಣ್ಣದ ಕೆಸರು ರಸ್ತೆಯುದ್ದಕ್ಕೂ ಹರಿದು ಮೋರಿಗೆ ಇಳಿಯುತ್ತದೆ, ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಟೈಲ್ಸ್ ಕತ್ತರಿಸಿದ ನೀರು, ಸಿಮೆಂಟ್ ಬಾಂಡ್ಲಿ ತೊಳೆದ ನೀರು, ಪೇಂಟ್ ಬ್ರಶ್ ಅದ್ದಿದ ನೀರು, ಎಲ್ಲಕ್ಕೂ ಅದೇ ದಾರಿ. ಇದ್ಯಾವುದಕ್ಕೂ ಕಾನೂನಿಲ್ಲ ಅಂದುಕೊಳ್ಳಬೇಡಿ. 1974ರ ಜಲಮಾಲಿನ್ಯ ಕಾಯ್ದೆ ಇದೆ. ಮೋರಿಗೆ ಕಸ ಹಾಕಬಾರದು ಅಂತ ಘನತ್ಯಾಜ್ಯ ನಿಯಮಗಳಲ್ಲಿ 2016ರಲ್ಲೇ ಬರೆದಿತ್ತು.

ಇದರ ಉಲ್ಟಾ ತಪ್ಪೂ ಅಷ್ಟೇ ಜಾಸ್ತಿ. ಟೆರೇಸಿನ ಮಳೆನೀರಿನ ಪೈಪನ್ನು ಯುಜಿಡಿ ಚೇಂಬರಿಗೆ ಬಿಡುವುದು. ಯುಜಿಡಿ ಪೈಪುಗಳ ಅಳತೆ ಬಚ್ಚಲು, ಪಾಯಿಖಾನೆ ನೀರಿನ ಲೆಕ್ಕಕ್ಕೆ ಇಟ್ಟದ್ದು. ಮಳೆ ಬಂದಾಗ ಬೀದಿಯ ನಾಲ್ಕಾರು ಮನೆಗಳ ಚಾವಣಿ ನೀರು ಒಟ್ಟಿಗೆ ನುಗ್ಗಿದರೆ ತಗ್ಗಿನಲ್ಲಿರುವ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೂರುತ್ತದೆ. ಆ ತಗ್ಗಿನ ಮನೆಯವರ ನೆಲಮಾಳಿಗೆಗೆ ನುಗ್ಗುವುದು ಬರೀ ಮಳೆನೀರಲ್ಲ.

2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ಮೀಸಲು ಜಾಗ ಬಿಡಬೇಕು ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ಜಗಳ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಟ್ರ್ಯಾಕ್ಟರ್, ದೋಣಿಗಳಲ್ಲಿ ಜನ ಓಡಾಡಿದಾಗ ಜೆಸಿಬಿಗಳು ಒತ್ತುವರಿಯ ಕಡೆ ತಿರುಗಿದವು. ಅದು ಬೇಕಿತ್ತು. ಆದರೆ ಮನೆಮುಂದಿನ ರ‍್ಯಾಂಪಿನ ಕಡೆ ಯಾರೂ ತಿರುಗಲಿಲ್ಲ. ಕಾರು ಹತ್ತಿಸಲು ಮೋರಿಯ ಮೇಲೆ ಉದ್ದಕ್ಕೂ ಕಾಂಕ್ರೀಟ್ ಹಾಕಿ, ಮೇಲೆ ಟೈಲ್ಸ್ ಅಂಟಿಸಿ, ಹೂಳೆತ್ತಲು ಒಂದು ಕಿಂಡಿಯನ್ನೂ ಬಿಟ್ಟಿರುವುದಿಲ್ಲ. ಪೌರಕಾರ್ಮಿಕರು ಹೂಳು ತೆಗೆಯುವುದಾದರೂ ಎಲ್ಲಿಂದ? ಪಕ್ಕದ ಮನೆ ಮುಂದೆ ನೀರು ನಿಂತರೆ ನಾವೇ ಮೊದಲು ದೂರು ಕೊಡುತ್ತೇವೆ, ಅದು ಬೇರೆ ಮಾತು.

ಈಗ 2025ರಿಂದ ಒಂದು ಪಾಲಿಕೆ ಹೋಗಿ ಐದು ಬಂದಿವೆ. ಯುಜಿಡಿ ಇನ್ನೂ ಜಲಮಂಡಳಿಯದ್ದೇ, ಮಾಲಿನ್ಯದ ದೂರು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಯಾರ ಬಾಗಿಲು ತಟ್ಟಬೇಕು ಅನ್ನುವ ಗೊಂದಲ ಇದ್ದದ್ದೇ. ಕಾಂಪೌಂಡಿನ ಒಳಗಿನ ಪೈಪಿನ ಬಗ್ಗೆ ಮಾತ್ರ ಗೊಂದಲವಿಲ್ಲ, ಅದು ಮನೆ ಓನರದ್ದು. ನಿಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಕಂಡುಹಿಡಿಯುವುದು ಸುಲಭ. ಒಂದು ಬಕೆಟ್ ನೀರಿಗೆ ಒಂದು ಹಿಡಿ ಅರಿಶಿನ ಕಲಸಿ ಟೆರೇಸಿನ ಪೈಪಿಗೆ ಸುರಿಯಿರಿ, ಕೆಳಗೆ ಒಬ್ಬರು ಯುಜಿಡಿ ಚೇಂಬರಿನ ಮುಚ್ಚಳ ತೆಗೆದು ನೋಡುತ್ತಿರಲಿ. ಹಳದಿ ನೀರು ಅಲ್ಲಿ ಕಂಡರೆ ಪ್ಲಂಬರನ್ನು ಕರೆಸಿ ಆ ಪೈಪನ್ನು ಸಂಪಿಗೋ ಇಂಗುಬಾವಿಗೋ ತಿರುಗಿಸಿ. ವಾಷಿಂಗ್ ಮೆಷಿನ್ ಪೈಪಿಗೂ ಇದೇ ಪರೀಕ್ಷೆ, ಅದು ಮಾತ್ರ ಚೇಂಬರಿನಲ್ಲೇ ಕಾಣಬೇಕು.